ಅಪರಾಧಿಕ ದುರ್ನಡತೆ

ಸರ್ಕಾರಿ ನೌಕರ ತನ್ನ ಹುದ್ದೆಯನ್ನು ಸ್ವಂತ ಲಾಭಕ್ಕೆ ಬಳಸಿಕೊಂಡಾಗ ಭಾರತದ ಭ್ರಷ್ಟಾಚಾರ ನಿಗ್ರಹ ಕಾನೂನು ಹೊರಿಸುವ ಆರೋಪ. ಕಚೇರಿಗೆ ತಡವಾಗಿ ಬರುವುದು, ಮೇಲಧಿಕಾರಿಯ ಆದೇಶ ಮೀರುವುದು ಕೂಡ ದುರ್ನಡತೆಯೇ. ಅವು ನೋಟಿಸು, ಇಲಾಖಾ ವಿಚಾರಣೆ, ಬಡ್ತಿ ತಡೆಯಲ್ಲಿ ಮುಗಿಯುತ್ತವೆ. ಯಾವ ದುರ್ನಡತೆ ಜೈಲಿನವರೆಗೆ ಹೋಗಬೇಕು ಎಂಬ ಗೆರೆ ಮಾತ್ರ ಕಾಲಕಾಲಕ್ಕೆ ಸರಿಯುತ್ತ ಬಂದಿದೆ.

1860ರ ಭಾರತೀಯ ದಂಡ ಸಂಹಿತೆಯ 161ನೇ ಕಲಂ ಲಂಚಕ್ಕೆ ಶಿಕ್ಷೆ ವಿಧಿಸಿತ್ತು. ಎರಡನೇ ಮಹಾಯುದ್ಧದ ಪೂರೈಕೆ ಗುತ್ತಿಗೆಗಳಲ್ಲಿ ಹಣ ಹೊಳೆಯಾಗಿ ಹರಿದಾಗ ಅದು ಸಾಲದೆಂದು ಬ್ರಿಟಿಷ್ ಸರ್ಕಾರಕ್ಕೆ ಮನವರಿಕೆಯಾಯಿತು. 1941ರಲ್ಲಿ ವಿಶೇಷ ಪೊಲೀಸ್ ದಳ ಹುಟ್ಟಿತು. 1963ರಲ್ಲಿ ರೂಪುಗೊಂಡ ಸಿಬಿಐಯ ಮೂಲ ಇದೇ. ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು, 1947ರ ಮಾರ್ಚಿನಲ್ಲಿ, ಭ್ರಷ್ಟಾಚಾರ ತಡೆ ಕಾಯ್ದೆ ಬಂತು. ಅದರ 5ನೇ ಕಲಂ ರೂಢಿಯಾಗಿ ಲಂಚ ಪಡೆಯುವುದು, ವಶದಲ್ಲಿರುವ ಸೊತ್ತನ್ನು ನುಂಗುವುದು, ಅಧಿಕಾರ ದುರುಪಯೋಗದಿಂದ ಲಾಭ ಮಾಡಿಕೊಳ್ಳುವುದು ಇವನ್ನೆಲ್ಲ ಅಪರಾಧಿಕ ದುರ್ನಡತೆ ಎಂದು ಕರೆಯಿತು.

ದೊಡ್ಡ ತಿರುವು 1964ರದು. ಭ್ರಷ್ಟಾಚಾರ ತಡೆ ಕುರಿತ ಸಂತಾನಂ ಸಮಿತಿಯ ವರದಿಯ ಬೆನ್ನಿಗೇ ನಡೆದ ತಿದ್ದುಪಡಿ, ಆದಾಯಕ್ಕೆ ಮೀರಿದ ಆಸ್ತಿ ಹೊಂದಿರುವುದನ್ನೇ ಪ್ರತ್ಯೇಕ ಅಪರಾಧವಾಗಿಸಿತು. ಲಂಚ ಯಾರು ಕೊಟ್ಟರು, ಯಾವತ್ತು ಕೊಟ್ಟರು ಎಂದು ಹುಡುಕಬೇಕಿಲ್ಲ. ನಿವೇಶನ, ಚಿನ್ನ, ಬ್ಯಾಂಕ್ ಪುಸ್ತಕಗಳನ್ನು ಸಂಬಳದ ಪಕ್ಕ ಇಟ್ಟು ಲೆಕ್ಕ ಹಾಕಿದರಾಯಿತು. ಹೆಚ್ಚುವರಿಗೆ ತೃಪ್ತಿಕರ ವಿವರಣೆ ಕೊಡುವ ಹೊಣೆ ಆರೋಪಿಯದು.

1988ರ ಹೊಸ ಕಾಯ್ದೆ 13ನೇ ಕಲಮಿನಲ್ಲಿ ಗೆರೆಯನ್ನು ಇನ್ನೂ ಹೊರಗೆ ತಳ್ಳಿತು. ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಲಾಭ ಮಾಡಿಕೊಟ್ಟರೂ ಅಪರಾಧ. ತಾನು ಒಂದು ರೂಪಾಯಿ ಮುಟ್ಟದ ಅಧಿಕಾರಿಯೂ ಇದರಡಿ ಸಿಕ್ಕಿಬೀಳಬಹುದಾಗಿತ್ತು, ಇದು ಅತಿಯೇ ಆಯಿತು. ಕಡತಕ್ಕೆ ಸಹಿ ಹಾಕಲು ಅಧಿಕಾರಿಗಳು ಹೆದರುತ್ತಾರೆಂಬ ದೂರು ಬಲವಾಗಿ, 2018ರ ತಿದ್ದುಪಡಿ ಆ ಭಾಗವನ್ನು ತೆಗೆದುಹಾಕಿತು. ಈಗ ಉಳಿದವು ಎರಡೇ: ಸೊತ್ತಿನ ದುರುಪಯೋಗ ಮತ್ತು ಅಕ್ರಮ ಆಸ್ತಿ. ಲಂಚ ಕೊಟ್ಟವರೂ ಈಗ ಅಪರಾಧಿಗಳು. ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ದೂರು ನೀಡಿದರೆ ಮಾತ್ರ ಪಾರು.

ಕರ್ನಾಟಕದಲ್ಲಿ ಇಂಥ ಪ್ರಕರಣಗಳು ಜನರ ಬಾಯಲ್ಲಿ ‘ಲೋಕಾಯುಕ್ತ ದಾಳಿ’. 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿದ ಮೇಲೆ ತನಿಖೆ ಲೋಕಾಯುಕ್ತ ಪೊಲೀಸರಿಗೇ ಮರಳಿತು. ಲಂಚದ ಬಲೆಯ ವಿಧಾನ ಹಳೆಯದೇ: ದೂರುದಾರನ ನೋಟುಗಳಿಗೆ ಪಂಚರ ಎದುರು ಫಿನಾಫ್ತಲೀನ್ ಪುಡಿ ಸವರುತ್ತಾರೆ, ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಮೊಹರು ಹಾಕಿ ಸಾಕ್ಷ್ಯವಾಗಿ ಕಳಿಸುತ್ತಾರೆ. ಕೈ ತೊಳೆದ ನೀರೊಂದೇ ಸಾಲದು. ಲಂಚ ಕೇಳಿದ್ದೂ ಸಾಬೀತಾಗಬೇಕು. ದೂರುದಾರ ಉಲ್ಟಾ ಹೊಡೆದರೂ ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ಸಾಬೀತುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು.

ಅಪರಾಧಿಕ ದುರ್ನಡತೆಗೆ ಈಗ ಶಿಕ್ಷೆ 4ರಿಂದ 10 ವರ್ಷ ಜೈಲು, ಜೊತೆಗೆ ದಂಡ. ಶಿಕ್ಷೆಯಾದ ನೌಕರನನ್ನು ಸಂವಿಧಾನದ 311ನೇ ವಿಧಿಯಂತೆ ಬೇರೆ ಇಲಾಖಾ ವಿಚಾರಣೆಯಿಲ್ಲದೆ ವಜಾ ಮಾಡಬಹುದು. ಜನಪ್ರತಿನಿಧಿಗೆ ಈ ಕಾಯ್ದೆಯಡಿ ಬರೀ ದಂಡ ಬಿದ್ದರೂ 6 ವರ್ಷ ಅನರ್ಹತೆ. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿಗೆ ವರ್ಗವಾಗಿ, 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದಾಗ ಅವರು ಮುಖ್ಯಮಂತ್ರಿ ಪದವಿ ಕಳೆದುಕೊಂಡರು. 2015ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ತಳ್ಳಿಹಾಕುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಉಳಿದ ಮೂವರು ಆರೋಪಿಗಳು ಪರಪ್ಪನ ಅಗ್ರಹಾರ ಜೈಲು ಸೇರಿದರು.