ಸಾಗರಾಂತರ ವಿವಾಹಗಳೂ ಪತ್ರಪ್ರಮಾಣವೂ

ವಿವಾಹವು ಷೋಡಶ ಸಂಸ್ಕಾರಗಳಲ್ಲಿ ಒಂದೆಂಬುದು ವಾಚಕರಿಗೆ ತಿಳಿದ ವಿಷಯವೇ. ಅಗ್ನಿಯು ಅದಕ್ಕೆ ಸಾಕ್ಷಿ. ಏಳನೆಯ ಹೆಜ್ಜೆಯೊಡನೆ ಅದು ಪೂರ್ಣವಾಗುವುದು. ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆಯೆಂಬ ಕಾಗದವೊಂದುಂಟಷ್ಟೆ. ಆದರೆ ಅಂಚಿಗೆ ಅರಿಶಿನ ಸವರಿದ ಆ ಪತ್ರಿಕೆಯು ಮುಂದೆ ನಡೆಯತಕ್ಕ ಮುಹೂರ್ತವನ್ನು ತಿಳಿಸುವುದೇ ಹೊರತು, ವಿವಾಹವು ನಡೆದುಹೋಯಿತೆಂಬುದಕ್ಕೆ ಪ್ರಮಾಣವಾಗಲಾರದು. ನಡೆಯಿತೆಂದು ಹೇಳತಕ್ಕವರು ಚಪ್ಪರದ ಕೆಳಗೆ ಕುಳಿತು ಅಕ್ಷತೆ ಹಾಕಿದ ಬಂಧುಬಳಗದವರು. ದಂಪತಿಗಳು ಅದೇ ಸೀಮೆಯಲ್ಲಿ ಬಾಳುವವರೆಗೆ ಈ ಸಾಕ್ಷಿಗಳೇ ಸಾಕು. ಅವರು ಸಮುದ್ರವನ್ನು ದಾಟಿದರೆ, ಅಥವಾ ಸಮುದ್ರದಾಚೆಯ ನೆಲದಲ್ಲಿಯೇ ಕೈಹಿಡಿಯಬೇಕಾದರೆ, ಆಗ ಸಾಕ್ಷಿ ಹೇಳುವವರು ಯಾರು? ಅಗ್ನಿಯನ್ನು ನ್ಯಾಯಸ್ಥಾನಕ್ಕೆ ಕರೆಯುವಂತಿಲ್ಲ. ಅಕ್ಷತೆ ಹಾಕಿದವರು ಹಡಗನ್ನೇರಿ ಹಿಂಬಾಲಿಸುವುದಿಲ್ಲ. ಈ ಪ್ರಶ್ನೆಗೆ ನಾನಾ ರಾಜ್ಯಗಳು ಎರಡೂವರೆ ಶತಮಾನಗಳಿಂದ ಕೊಡುತ್ತ ಬಂದಿರುವ ಉತ್ತರವೇ ವಿವಾಹದ ಕಾಗದಪತ್ರಗಳ ಇತಿಹಾಸವು. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಲಿಖಿತವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿತ್ತೆಂದು ಯಾರೂ ಭಾವಿಸತಕ್ಕದ್ದಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮೂರನ್ನು ಪ್ರಮಾಣಗಳಾಗಿ ಹೇಳಿದೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಋಣ, ದಾನ, ಭೂಮಿಗಳ ವಿಷಯದಲ್ಲಿ ಪತ್ರವನ್ನು ಅಪೇಕ್ಷಿಸಿದ ಶಾಸ್ತ್ರವು ವಿವಾಹಕ್ಕೆ ಮಾತ್ರ ಅದನ್ನು ಅಪೇಕ್ಷಿಸಲಿಲ್ಲ. ಆದರೆ ಆಶ್ವಲಾಯನ ಗೃಹ್ಯಸೂತ್ರವು ಒಂದು ಮುಖ್ಯವಾದ ಮಾತನ್ನು ಹೇಳಿರುವುದು. ಜನಪದಗಳ ಧರ್ಮಗಳೂ ಗ್ರಾಮಗಳ ಧರ್ಮಗಳೂ ನಾನಾವಿಧವಾಗಿರುವುವು, ವಿವಾಹದಲ್ಲಿ ಅವುಗಳನ್ನು ಅನುಸರಿಸಬೇಕೆಂಬುದೇ ಅದರ ತಾತ್ಪರ್ಯ. ವಿವಾಹವು ನಡೆಯುವ ನೆಲದ ಕಟ್ಟಳೆಯು ದೇಶಾಚಾರ. ವಧೂವರರು ಹುಟ್ಟಿನಿಂದ ತಂದಿರುವ ಕಟ್ಟಳೆಯು ಕುಲಾಚಾರ. ಇವೆರಡೂ ಒಂದಕ್ಕೊಂದು ವಿರೋಧಿಸಿದಲ್ಲಿ ಯಾವುದು ಪ್ರಬಲವೆಂಬ ತೊಡಕನ್ನೇ ಪಾಶ್ಚಾತ್ಯ ನ್ಯಾಯಾಧಿಪತಿಗಳೂ ಮುಂದೆ ಬಿಡಿಸಬೇಕಾಯಿತು.

ಇಂಗ್ಲೆಂಡಿನಲ್ಲಿ ವಿವಾಹವು ಪುಸ್ತಕಕ್ಕೆ ಕಟ್ಟುಬಿದ್ದುದು 1753ನೆಯ ಇಸವಿಯ ಶಾಸನದಿಂದ. ಲಾರ್ಡ್ ಹಾರ್ಡ್ವಿಕ್ ಎಂಬ ಚಾನ್ಸಲರನ ಹೆಸರಿನಿಂದ ಪ್ರಸಿದ್ಧವಾದ ಈ ಕಾಯಿದೆಯು 1754ನೆಯ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಮುಂಚಿತವಾಗಿ ಚರ್ಚಿನಲ್ಲಿ ಘೋಷಣೆಯಾಗಬೇಕು ಅಥವಾ ಅನುಜ್ಞಾಪತ್ರವನ್ನು ಪಡೆಯಬೇಕು, ಇಬ್ಬರು ಸಾಕ್ಷಿಗಳಿರಬೇಕು, ಪುಸ್ತಕದಲ್ಲಿ ರುಜು ಬೀಳಬೇಕು, ಇಪ್ಪತ್ತೊಂದು ವರ್ಷ ತುಂಬದವರು ಅನುಜ್ಞಾಪತ್ರದ ಮೇಲೆ ವಿವಾಹವಾಗುವುದಾದರೆ ತಂದೆಯ ಸಮ್ಮತಿಯಿರಬೇಕು. ಈ ಕಟ್ಟಳೆಯು ಸ್ಕಾಟ್ಲೆಂಡಿಗೆ ಅನ್ವಯಿಸದಿದ್ದ ಕಾರಣ, ಅವಸರದ ಪ್ರೇಮಿಗಳು ಗಡಿಯನ್ನು ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡಿಹೋಗುತ್ತಿದ್ದರು. ಪರಸ್ಥಳದಲ್ಲಿ ವಿವಾಹವಾಗಿ ಸ್ವಸ್ಥಳದ ಕಟ್ಟಳೆಯಿಂದ ತಪ್ಪಿಸಿಕೊಳ್ಳುವ ಉಪಾಯವು ಹೀಗೆ ಲೋಕಪ್ರಸಿದ್ಧವಾಯಿತು. ಫ್ರಾನ್ಸಿನ ಕ್ರಾಂತಿಕಾರರು 1792ರಲ್ಲಿ ವಿವಾಹದ ದಾಖಲೆಯನ್ನು ಪಾದ್ರಿಗಳ ಕೈಯಿಂದ ಬಿಡಿಸಿ ಪುರಸಭೆಯ ಅಧಿಕಾರಿಗಳಿಗೆ ಒಪ್ಪಿಸಿದರು. ಇಂಗ್ಲೆಂಡಿನಲ್ಲಿಯೂ 1836ರ ಕಾಯಿದೆಯಂತೆ, ಚರ್ಚಿಗೆ ಹೋಗಲೊಲ್ಲದವರು ರಿಜಿಸ್ಟ್ರಾರರ ಎದುರಿಗೆ ವಿವಾಹವಾಗುವ ಅನುಕೂಲವುಂಟಾಯಿತು.

ರಾಜ್ಯಕ್ಕೊಂದು ಪುಸ್ತಕವಾದ ಮೇಲೆ ಪುಸ್ತಕಗಳೇ ಒಂದಕ್ಕೊಂದು ವಿರೋಧಿಸತೊಡಗಿದುವು. ಫ್ರಾನ್ಸ್ ದೇಶದ ವಧೂವರರಿಬ್ಬರು 1854ರಲ್ಲಿ ತಂದೆತಾಯಿಗಳ ಸಮ್ಮತಿಯಿಲ್ಲದೆ ಲಂಡನಿಗೆ ಬಂದು ವಿವಾಹವಾದರು. ಪ್ಯಾರಿಸಿನ ನ್ಯಾಯಸ್ಥಾನವು ಅದನ್ನು ರದ್ದುಮಾಡಿತು. ಆ ಸ್ತ್ರೀಯು ಲಂಡನಿನಲ್ಲಿಯೂ ಬಿಡುಗಡೆಯನ್ನು ಬೇಡಲು, ಅಲ್ಲಿಯ ನ್ಯಾಯಾಧಿಪತಿಗಳು 1860ರಲ್ಲಿ, ನಮ್ಮ ನೆಲದಲ್ಲಿ ನಮ್ಮ ವಿಧಿಯಂತೆ ನಡೆದ ವಿವಾಹವು ಊರ್ಜಿತವೇ ಎಂದು ತೀರ್ಪಿತ್ತರು. ಹೀಗಾಗಿ ಆಕೆಯು ಕಾಲುವೆಯ ಒಂದು ದಡದಲ್ಲಿ ಕನ್ಯೆ, ಇನ್ನೊಂದು ದಡದಲ್ಲಿ ಪತ್ನಿ! ಮರುವರ್ಷವೇ ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಸಂಗವು ಬಂದಿತು. ಇಂಗ್ಲೆಂಡಿನವನೊಬ್ಬನು ಮೃತಳಾದ ತನ್ನ ಪತ್ನಿಯ ತಂಗಿಯನ್ನು, ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ವಾಂಡ್ಸ್‌ಬೆಕ್ ಎಂಬಲ್ಲಿ ವರಿಸಿದ್ದನು. ಅಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ, ಇಂಗ್ಲೆಂಡಿನಲ್ಲಿ ನಿಷೇಧವಿತ್ತು. ಪ್ರಭುಸಭೆಯು 1861ರಲ್ಲಿ ಆ ವಿವಾಹವನ್ನು ಅಸಿಂಧುವೆಂದು ಸಾರಿತು. ಕ್ರಿಯೆಯ ರೀತಿಗೆ ದೇಶಾಚಾರವೇ ಪ್ರಮಾಣ. ವಿವಾಹಕ್ಕೆ ಅರ್ಹತೆಯುಂಟೆ ಇಲ್ಲವೆ ಎಂಬುದಕ್ಕೆ ಕುಲಾಚಾರವೇ ಪ್ರಮಾಣ: ಇಂತಹ ವಿಭಾಗವೊಂದು ಈ ತೀರ್ಪಿನಿಂದ ನೆಲೆಗೊಂಡಿತು. ಆದರೂ ಮದರಾಸು ಪ್ರಾಂತದ ಹಿಂದುವೊಬ್ಬನು ಲಂಡನಿನಲ್ಲಿ ಆಂಗ್ಲ ಸ್ತ್ರೀಯನ್ನು ವರಿಸಿ, ಆಮೇಲೆ ತನ್ನ ಜಾತಿಧರ್ಮವು ಇದಕ್ಕೆ ಒಪ್ಪದೆಂದು ವಾದಿಸಿದಾಗ, ನ್ಯಾಯಾಧಿಪತಿ ಸರ್ ಗೊರೆಲ್ ಬಾರ್ನ್ಸರು 1909ರಲ್ಲಿ ಆ ವಾದವನ್ನು ತಳ್ಳಿಹಾಕಿದರು. ಕೈಹಿಡಿದವಳನ್ನು ಬಿಡುವುದಕ್ಕೆ ಕುಲಾಚಾರವನ್ನು ನೆಪಮಾಡಿಕೊಳ್ಳುವುದನ್ನು ಅವರು ಪುರಸ್ಕರಿಸಲಿಲ್ಲವೆಂಬುದು ಸ್ಮರಣೀಯವಾಗಿದೆ.

ಇಂತಹ ಅನರ್ಥಗಳನ್ನು ಮೊದಲೇ ತಡೆಯಬೇಕೆಂದು ಬ್ರಿಟಿಷ್ ಪಾರ್ಲಿಮೆಂಟು 1906ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಪರದೇಶದಲ್ಲಿ ವಿವಾಹವಾಗಬಯಸುವ ಬ್ರಿಟಿಷ್ ಪ್ರಜೆಯು ನೋಟೀಸು ಕೊಟ್ಟು, ಆಕ್ಷೇಪಣೆಯಿಲ್ಲದಿದ್ದರೆ, ತನ್ನ ವಿವಾಹಕ್ಕೆ ಪ್ರತಿಬಂಧವಿಲ್ಲವೆಂಬ ಪತ್ರವನ್ನು ಪಡೆಯಬಹುದಾಯಿತು. ಇಂದು ಪರದೇಶದ ವಿವಾಹಕ್ಕೆ ಕೇಳಲ್ಪಡುವ ಪತ್ರಗಳಲ್ಲಿ ಇದೇ ಮುಖ್ಯವಾದುದು.

ಇನ್ನು ನಮ್ಮವರ ಮಾನಕ್ಕೆ ನೇರವಾಗಿ ಸಂಬಂಧಿಸಿದ ಪ್ರಸಂಗಕ್ಕೆ ಬರೋಣ. ದಕ್ಷಿಣ ಆಫ್ರಿಕದ ನೇಟಾಲಿಗೆ 1860ರಿಂದ 1911ರವರೆಗೆ ಸುಮಾರು 1,52,000 ಮಂದಿ ಭಾರತೀಯರು ಕರಾರಿನ ಕೂಲಿಗಳಾಗಿ ಹೋದರು. ಅವರ ಹಿಂದೆ ವರ್ತಕರೂ ಹೋದರು. ಅವರ ವಿವಾಹಗಳು ಅವರವರ ಮತದಂತೆ ನಡೆದಿದ್ದುವು. ಹೀಗಿರಲಾಗಿ, ಅಲ್ಲಿಯ ನಿವಾಸಿಯಾದ ಮುಸಲ್ಮಾನರೊಬ್ಬರು ಭಾರತದಲ್ಲಿ ತಮ್ಮ ಮತದಂತೆ ವರಿಸಿದ್ದ ಪತ್ನಿಯನ್ನು ಕರೆದುಕೊಂಡು ಬಂದಾಗ, ಅಧಿಕಾರಿಗಳು ಆಕೆಗೆ ಪ್ರವೇಶವನ್ನು ಕೊಡಲಿಲ್ಲ. ವ್ಯಾಜ್ಯವು ಕೇಪಿನ ನ್ಯಾಯಸ್ಥಾನಕ್ಕೆ ಹೋಯಿತು. 1913ನೆಯ ಮಾರ್ಚಿ 14ರಂದು ನ್ಯಾಯಾಧಿಪತಿ ಸರ್ಲ್ ಅವರು ಸರ್ಕಾರದ ಪಕ್ಷಕ್ಕೆ ತೀರ್ಪಿತ್ತರು. ಬಹುಪತ್ನಿತ್ವಕ್ಕೆ ಎಡೆಗೊಡುವ ಮತದ ವಿಧಿಯಂತೆ ನಡೆದ ವಿವಾಹವನ್ನು ಆ ದೇಶದ ಕಾಯಿದೆಯು ವಿವಾಹವೆಂದು ಗ್ರಹಿಸದೆಂಬುದೇ ಅದರ ಸಾರ. ಕ್ರೈಸ್ತ ವಿಧಿಯಂತೆ ನಡೆದ ಅಥವಾ ರಿಜಿಸ್ಟ್ರಾರರ ಪುಸ್ತಕದಲ್ಲಿ ದಾಖಲಾದ ವಿವಾಹಗಳಿಗೆ ಹೊರತು ಬೇರಾವುದಕ್ಕೂ ಅಲ್ಲಿ ಬೆಲೆಯಿಲ್ಲವೆಂದು ಜನರು ಅದರ ಅರ್ಥವನ್ನು ತಿಳಿದರು.

ಇದರ ಪರಿಣಾಮವನ್ನು ವಾಚಕರು ಆಲೋಚಿಸಿ ನೋಡಬೇಕು. ಹಿಂದೂ, ಮುಸಲ್ಮಾನ, ಪಾರಸಿ ಗೃಹಿಣಿಯರು ಒಂದು ದಿನದ ತೀರ್ಪಿನಿಂದ ಪತ್ನೀಪದವಿಯನ್ನು ಕಳೆದುಕೊಳ್ಳುವ ಸ್ಥಿತಿಗೆ ಬಂದರು; ಅವರ ಮಕ್ಕಳು ಔರಸರೆನ್ನಿಸಿಕೊಳ್ಳುವ ಹಕ್ಕನ್ನೂ ತಂದೆಯ ಆಸ್ತಿಯ ಹಕ್ಕನ್ನೂ ಕಳೆದುಕೊಳ್ಳುವಂತಾಯಿತು. ಅದುವರೆಗೆ ಸತ್ಯಾಗ್ರಹದಲ್ಲಿ ಸ್ತ್ರೀಯರು ಸೆರೆಮನೆಗೆ ಹೋಗದಂತೆ ಗಾಂಧೀಜಿಯವರು ತಡೆದಿದ್ದರು. ಈಗ ಆ ತಡೆಯು ನಿಲ್ಲಲಿಲ್ಲ. 1913ನೆಯ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟ ಹದಿನಾರು ಮಂದಿಯ ತಂಡದಲ್ಲಿ ಕಸ್ತೂರಬಾ ಅವರೂ ಇದ್ದರು. ಟ್ರಾನ್ಸ್‌ವಾಲ್ ಗಡಿಯಲ್ಲಿ ಅವರೆಲ್ಲರೂ ಬಂಧಿತರಾದರು; ಮೂರು ತಿಂಗಳ ಕಠಿನ ಸಜೆಯಾಯಿತು. ಟಾಲ್‌ಸ್ಟಾಯ್ ಕ್ಷೇತ್ರದ ಸೋದರಿಯರು ನ್ಯೂಕ್ಯಾಸಲಿಗೆ ಹೋಗಿ ಗಣಿಯ ಕೂಲಿಗಳನ್ನು ಎಬ್ಬಿಸಿದರು. ನವೆಂಬರು 6ರಂದು 2,037 ಗಂಡಸರೂ 127 ಹೆಂಗಸರೂ 57 ಮಕ್ಕಳೂ ಗಡಿಯ ಕಡೆಗೆ ನಡೆದರು. ಸೆರೆಮನೆಯಲ್ಲಿ ಜ್ವರಪೀಡಿತಳಾದ ವಳ್ಳಿಯಮ್ಮ ಎಂಬ ಹದಿನಾರರ ಬಾಲೆಯು 1914ನೆಯ ಫೆಬ್ರವರಿ 22ರಂದು ಕಾಲವಾದಳು. ತಲೆಗಂದಾಯವೇ ಮೊದಲಾದ ಬೇರೆ ಅನ್ಯಾಯಗಳೂ ಈ ಹೋರಾಟಕ್ಕೆ ಕಾರಣವಾಗಿದ್ದುವು. ಆದರೆ ಸ್ತ್ರೀಯರನ್ನು ಮನೆಯಿಂದ ಬೀದಿಗೆ ತಂದದ್ದು ವಿವಾಹದ ಪ್ರಶ್ನೆಯೇ.

ಕಡೆಗೆ ಸಾಲೊಮನ್ ಮಂಡಲಿಯ ಶಿಫಾರಸಿನ ಮೇರೆಗೆ 1914ರಲ್ಲಿ ಭಾರತೀಯರ ಪರಿಹಾರದ ಕಾಯಿದೆಯು ಆಯಿತು. ಭಾರತೀಯ ಮತಗಳ ಪುರೋಹಿತರನ್ನೇ ವಿವಾಹಾಧಿಕಾರಿಗಳನ್ನಾಗಿ ನೇಮಿಸಬಹುದೆಂದೂ, ಏಕಪತ್ನಿಯುಳ್ಳವರ ಹಿಂದಿನ ವಿವಾಹಗಳನ್ನು ದಾಖಲುಮಾಡಿಸಿ ಊರ್ಜಿತಪಡಿಸಿಕೊಳ್ಳಬಹುದೆಂದೂ, ಒಬ್ಬ ಪತ್ನಿಗೂ ಆಕೆಯ ಅಪ್ರಾಪ್ತವಯಸ್ಕ ಮಕ್ಕಳಿಗೂ ಪ್ರವೇಶವುಂಟೆಂದೂ ಅದು ವಿಧಿಸಿತು. ಪುರೋಹಿತನ ಮಂತ್ರವೂ ಸರ್ಕಾರದ ಪುಸ್ತಕವೂ ಒಂದೇ ಚಪ್ಪರದ ಕೆಳಗೆ ಬಂದುವು. ಆದರೂ ಎಲ್ಲವೂ ಸರಿಹೋಗಲಿಲ್ಲ. ದಾಖಲಾಗದ ಮುಸಲ್ಮಾನರ ವಿವಾಹಗಳನ್ನು ಕಾಯಿದೆಯು ಗ್ರಹಿಸದಿರುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಆ ದೇಶದ ಸಂವಿಧಾನ ನ್ಯಾಯಾಲಯವು ಸಾರಬೇಕಾದರೆ 2022ನೆಯ ಇಸವಿಯು ಬರಬೇಕಾಯಿತು. ಒಂದು ತಪ್ಪು ತೀರ್ಪಿನ ಆಯುಸ್ಸು ಎಷ್ಟು ದೀರ್ಘವೆಂಬುದಕ್ಕೆ ಇದೇ ನಿದರ್ಶನ.

ನಮ್ಮ ದೇಶದ ಶಾಸನಗಳನ್ನು ಸಂಕ್ಷೇಪವಾಗಿ ಹೇಳುವೆನು. 1872ರ ವಿಶೇಷ ವಿವಾಹದ ಕಾಯಿದೆಯಂತೆ ವಿವಾಹವಾಗುವವರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮೊದಲಾದ ಯಾವ ಮತಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಾಗಿತ್ತು. ಪತ್ರಕ್ಕಾಗಿ ಮತವನ್ನೇ ಅಲ್ಲಗಳೆಯಬೇಕಾದ ಈ ದುರವಸ್ಥೆಯು 1923ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರ ಮಟ್ಟಿಗೆ ತಪ್ಪಿ, 1954ರ ಹೊಸ ಕಾಯಿದೆಯಿಂದ ಎಲ್ಲರಿಗೂ ನಿವಾರಣೆಯಾಯಿತು. ಪರದೇಶದ ವಿವಾಹಗಳಿಗಾಗಿ 1969ರಲ್ಲಿ ಬೇರೊಂದು ಕಾಯಿದೆಯು ಹುಟ್ಟಿತು. ವಧೂವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಎದುರಿಗೆ ವಿವಾಹವಾಗಬಹುದು. ವರನಿಗೆ 21, ವಧುವಿಗೆ 18 ವರ್ಷಗಳು ತುಂಬಿರಬೇಕು; ಜೀವಿಸಿರುವ ಪತಿ ಅಥವಾ ಪತ್ನಿ ಇರಕೂಡದು; ಇಬ್ಬರಲ್ಲೊಬ್ಬರು ಆ ಅಧಿಕಾರಿಯ ಎಲ್ಲೆಯಲ್ಲಿ 30 ದಿನವಾದರೂ ವಾಸಿಸಿದ್ದು ನೋಟೀಸು ಕೊಡಬೇಕು; ಅದು ಪ್ರಕಟವಾದ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯಬೇಕು; ಮೂವರು ಸಾಕ್ಷಿಗಳು ರುಜು ಹಾಕಬೇಕು. ಪರದೇಶದ ಸ್ವಂತ ಕಾಯಿದೆಯಂತೆ ಅಲ್ಲಿ ನಡೆದ ವಿವಾಹವನ್ನು ದಾಖಲುಮಾಡಿಸುವ ಅನುಕೂಲವೂ ಇದರಲ್ಲಿ ಉಂಟು.

ಅಲ್ಲಿಯ ಅಧಿಕಾರಿಗಳ ಎದುರಿಗೇ ವಿವಾಹವಾಗಬೇಕೆನ್ನುವವರು ಕೈಯಲ್ಲಿ ಕಟ್ಟೊಂದನ್ನು ಹಿಡಿದು ಹೋಗಬೇಕು. ರಹದಾರಿ ಎಂದರೆ ಪಾಸ್‌ಪೋರ್ಟು, ಜನನಪತ್ರ, ಅವಿವಾಹಿತರೆಂಬ ಪ್ರಮಾಣಪತ್ರ, ಹಿಂದೆ ವಿವಾಹವಾಗಿದ್ದವರಾದರೆ ವಿಚ್ಛೇದನದ ಡಿಕ್ರಿ ಅಥವಾ ಮರಣಪತ್ರ, ಇವೆಲ್ಲಕ್ಕೂ ಆ ದೇಶದ ಭಾಷೆಯಲ್ಲಿ ಅಧಿಕೃತ ಅನುವಾದ: ಇವು ಸಾಮಾನ್ಯವಾಗಿ ಬೇಕಾಗತಕ್ಕವು. ಫ್ರಾನ್ಸಿನವರು ಇವುಗಳೊಡನೆ, ವಧೂವರರ ದೇಶದಲ್ಲಿ ವಿವಾಹಧರ್ಮವು ಹೇಗಿದೆಯೆಂದು ತಿಳಿಸುವ ‘ಆಚಾರಪತ್ರ’ವನ್ನು ಕೇಳುವುದುಂಟು, ಆಶ್ವಲಾಯನರ ಜನಪದಧರ್ಮವೇ ಅಲ್ಲಿ ಕಾಗದದ ರೂಪದಲ್ಲಿ ನಿಂತಂತಿದೆ. ಜರ್ಮನಿಯಲ್ಲಿ ವಿವಾಹಾರ್ಹತೆಯ ಪತ್ರವು ಬೇಕು. ಅಂತಹ ಪತ್ರವನ್ನು ಕೊಡದ ದೇಶದವರಿಗೆ ಪ್ರಾಂತದ ಉಚ್ಚ ನ್ಯಾಯಸ್ಥಾನದ ಅಧ್ಯಕ್ಷರು ವಿನಾಯಿತಿಯನ್ನು ಕೊಡುವರು.

ಈ ಪತ್ರಗಳ ಮೇಲಿನ ರುಜು ಮೊಹರುಗಳು ನಿಜವೆಂದು ಪರದೇಶದವರಿಗೆ ತಿಳಿಯುವುದೆಂತು? ಹಿಂದೆ ಒಂದೊಂದು ಕಾಗದವೂ ಕಚೇರಿಯಿಂದ ಕಚೇರಿಗೆ ಅಲೆದು ಕಡೆಗೆ ಆ ದೇಶದ ರಾಯಭಾರಿಯ ಮೊಹರನ್ನು ಪಡೆಯಬೇಕಾಗಿತ್ತು. ಹೇಗ್ ನಗರದಲ್ಲಿ 1961ನೆಯ ಅಕ್ಟೋಬರು 5ರಂದು ಆದ ಒಡಂಬಡಿಕೆಯು ಈ ಅಲೆದಾಟವನ್ನು ಕಡಿಮೆಮಾಡಿತು. ಅಪೊಸ್ಟೀಲ್ ಎಂಬ ಒಂದು ಚೌಕದ ಚೀಟಿಯಿದ್ದರೆ ಒಡಂಬಟ್ಟ ದೇಶಗಳು ಸಾಮಾನ್ಯವಾಗಿ ಪತ್ರವನ್ನು ನಂಬುವುವು. ಭಾರತಕ್ಕೆ ಇದು 2005ನೆಯ ಜುಲೈ 14ರಿಂದ ಅನ್ವಯಿಸಿದೆ. ಚೀನಕ್ಕೆ 2023ರಲ್ಲಿ, ಕೆನಡಕ್ಕೆ 2024ರಲ್ಲಿ ಅನ್ವಯಿಸಿತು. ಆದರೆ ಆ ಚೀಟಿಯು ರುಜುವಿಗೆ ಮಾತ್ರ ಹೊಣೆ, ಒಳಗೆ ಬರೆದಿರುವ ಮಾತಿಗೆ ಹೊಣೆಯಲ್ಲವೆಂಬುದನ್ನು ಮರೆಯಲಾಗದು. ಪರದೇಶದ ವರನು ಅವಿವಾಹಿತನೆಂದು ಬರೆದುಕೊಟ್ಟ ಮಾತು ಸುಳ್ಳಾದರೆ ಯಾವ ಮೊಹರೂ ಕನ್ಯೆಯನ್ನು ರಕ್ಷಿಸದು. ಅನಿವಾಸಿ ಭಾರತೀಯರ ವಿವಾಹಗಳಿಗೆ ಸಮಗ್ರವಾದ ಕಾಯಿದೆಯೂ ಕಡ್ಡಾಯವಾದ ದಾಖಲೆಯೂ ಬೇಕೆಂದು ಕಾನೂನು ಆಯೋಗವು 2024ರಲ್ಲಿ ಶಿಫಾರಸುಮಾಡಿರುವುದು ಇಂತಹ ವಂಚನೆಗಳನ್ನು ಕಂಡೇ.

ಇಷ್ಟನ್ನು ಓದಿದವರು, ಹಾಗಾದರೆ ಕಾಗದವೇ ವಿವಾಹವೋ ಎಂದು ಕೇಳಬಹುದು. ಇದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯವು 2024ನೆಯ ಏಪ್ರಿಲ್ 19ರಂದು ಉತ್ತರವನ್ನು ಕೊಟ್ಟಿದೆ. ಯಾವ ವಿಧಿಯನ್ನೂ ನಡೆಸದೆ ಪ್ರಮಾಣಪತ್ರವನ್ನು ಮಾತ್ರ ಪಡೆದಿದ್ದ ಹಿಂದೂ ಯುವಕಯುವತಿಯರ ವ್ಯಾಜ್ಯವದು. ಪರದೇಶದ ವೀಸಾ ಅರ್ಜಿಗಾಗಿ ಹೀಗೆ ಮುಂಗಡವಾಗಿ ದಾಖಲುಮಾಡಿಸುವ ಪರಿಪಾಟಿಯನ್ನು ನ್ಯಾಯಾಲಯವು ಖಂಡಿಸಿತು. ಹಿಂದೂ ವಿವಾಹದ ಕಾಯಿದೆಯಂತೆ ವಿಧಿಪೂರ್ವಕವಾದ ಕ್ರಿಯೆಯಿಲ್ಲದಿದ್ದರೆ ಪತ್ರವು ವಿವಾಹವನ್ನು ಹುಟ್ಟಿಸಲಾರದೆಂದು ಹೇಳಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು.

1913ರಲ್ಲಿ ಕೇಪಿನ ನ್ಯಾಯಸ್ಥಾನವು ಕ್ರಿಯೆಯಿದ್ದರೂ ಅದನ್ನು ಗ್ರಹಿಸಲಿಲ್ಲ. 2024ರಲ್ಲಿ ದೆಹಲಿಯ ನ್ಯಾಯಾಲಯವು ಪತ್ರವಿದ್ದರೂ ಅದನ್ನು ಗ್ರಹಿಸಲಿಲ್ಲ. ಮೊದಲನೆಯದರಿಂದ ಗೃಹಿಣಿಯರ ಮಾನಕ್ಕೆ ಹಾನಿಯಾಯಿತು, ಎರಡನೆಯದರಿಂದ ಸಂಸ್ಕಾರದ ಮಾನವು ಉಳಿಯಿತು. ಕ್ರಿಯೆಯು ವಿವಾಹದ ಶರೀರ. ಪತ್ರವು ಅದರ ಲಿಖಿತಪ್ರಮಾಣ. ಮಗಳನ್ನು ಸಮುದ್ರದಾಚೆಗೆ ಕಳುಹಿಸುವ ತಂದೆತಾಯಿಗಳು ಮುಹೂರ್ತವನ್ನು ನೋಡಿಸುವಷ್ಟೇ ಶ್ರದ್ಧೆಯಿಂದ ವರನ ಪತ್ರಗಳನ್ನೂ ನೋಡಬೇಕು. ಮಂಗಳಾಕ್ಷತೆ ಬಿದ್ದ ಮೇಲೆ ದಾಖಲೆಯ ಪುಸ್ತಕದಲ್ಲಿ ರುಜು ಬೀಳುವವರೆಗೆ ಚಪ್ಪರವು ಇಳಿಯಿತೆಂದು ತಿಳಿಯಬಾರದು. ಸಾಕ್ಷಿಗಳು ದೂರವಾದಲ್ಲಿ ಲಿಖಿತವೇ ಮಾತನಾಡಬೇಕಲ್ಲವೆ? ಇದು ವಿಜ್ಞಾನೇಶ್ವರನ ನಾಡಿನವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.