ಹೆರಿಗೆ ದಿನದ ಲೆಕ್ಕ ಶುರುವಾಗೋದು ಎಲ್ಲಿಂದ?



ಡ್ಯೂ ಡೇಟ್ ಅಂದ ತಕ್ಷಣ ಬಿಕಾಂ ಓದಿದ ನನ್ನಂಥವನಿಗೆ ನೆನಪಾಗೋದು ಇಎಂಐ, ಜಿಎಸ್‌ಟಿ ರಿಟರ್ನ್, ಕ್ರೆಡಿಟ್ ಕಾರ್ಡ್ ಬಿಲ್. ಇವತ್ತು ಹೇಳ್ತಿರೋದು ಬೇರೆ ಡ್ಯೂ ಡೇಟ್ ಕತೆ. ಮಗು ಹುಟ್ಟೋ ದಿನದ್ದು. ಇದು ನಮ್ಮ ಮನೆಯಲ್ಲೇ ನಡೆದದ್ದು. ಅಕ್ಕನನ್ನ ಕೇಳಿ, ಅವಳು ಹೂಂ ಅಂದ ಮೇಲೇ ಹೇಳ್ತಿದ್ದೀನಿ. ಹೆಸರು, ಊರು, ಆಸ್ಪತ್ರೆ ಯಾವುದೂ ಹೇಳಲ್ಲ.

ಅಕ್ಕನಿಗೆ ಮದುವೆಯಾಗಿ ಏಳು ವರ್ಷ ಆಗಿತ್ತು. ಬೆಂಗಳೂರಿನಲ್ಲಿ ಐವಿಎಫ್ ಚಿಕಿತ್ಸೆ ತಗೊಂಡಳು. ಮೊದಲ ಸಲ ಫಲ ಕೊಡಲಿಲ್ಲ. ಫ್ರೀಜ್ ಮಾಡಿಟ್ಟಿದ್ದ ಒಂದು ಭ್ರೂಣವನ್ನು 2024ರ ಮಾರ್ಚ್ 12ರಂದು ಗರ್ಭಕೋಶಕ್ಕೆ ಬಿಟ್ಟರು. ಈ ಸಲ ನಿಂತಿತು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಅಕ್ಕ ತವರಿಗೆ ಬಂದಳು. ನಮ್ಮದು ಸಣ್ಣ ಊರು. ಅಲ್ಲಿನ ಆಸ್ಪತ್ರೆಗೆ ಮೊದಲ ಸಲ ಹೊರಟಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ಐವಿಎಫ್ಪು ಗೀವಿಎಫ್ಪು ಅಂತ ಅಲ್ಲಿ ಬಾಯಿ ಬಿಡಬೇಡ ಕಣೇ. ಆಸ್ಪತ್ರೆ ತುಂಬಾ ನಮ್ಮ ಕಡೆಯೋರೇ ಇದ್ದಾರೆ."

ಅಕ್ಕ ಬಾಯಿ ಬಿಡಲಿಲ್ಲ. ಬೆಂಗಳೂರಿನ ಫೈಲು ಬೀರುವಿನಲ್ಲೇ ಉಳಿಯಿತು. ನರ್ಸ್ ಕೇಳಿದ್ದು ಒಂದೇ ಪ್ರಶ್ನೆ: "ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ?" ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು, ಫೆಬ್ರವರಿ 13. ಕಾರ್ಡಿನ ಮೇಲೆ ಡ್ಯೂ ಡೇಟ್ ಬಿತ್ತು: ನವೆಂಬರ್ 19.

ಅಕ್ಟೋಬರ್ ಸ್ಕ್ಯಾನಿನಲ್ಲಿ ಮಗು ವಾರಕ್ಕೆ ತಕ್ಕಷ್ಟು ಬೆಳೆದಿಲ್ಲ, ಒಂದು ವಾರಕ್ಕಿಂತ ಹಿಂದಿದೆ ಅಂದರು. ಅಮ್ಮ ಅವತ್ತಿನಿಂದ ಅನ್ನದ ಮೇಲೆ ಎರಡು ಚಮಚ ತುಪ್ಪ ಜಾಸ್ತಿ ಹಾಕೋಕೆ ಶುರು ಮಾಡಿದರು. ನವೆಂಬರ್ 19 ಬಂತು, ಹೋಯಿತು. ನೋವು ಬರಲಿಲ್ಲ. 26ಕ್ಕೆ ಡಾಕ್ಟರ್ ಕಾರ್ಡ್ ನೋಡಿ ಅಂದರು: "41 ವಾರ ತುಂಬಿತು. ನಾಳೆ ಅಡ್ಮಿಟ್ ಆಗಿ, ನೋವು ಬರಿಸೋಣ." ಕಾರ್ಡ್ ಪ್ರಕಾರ ಅವರು ಹೇಳಿದ್ದು ಸರಿಯಾಗೇ ಇತ್ತು.

ಆ ರಾತ್ರಿ ಅಕ್ಕ ಬೀರು ತೆಗೆದು ದಪ್ಪ ಫೈಲು ನನ್ನ ಮುಂದಿಟ್ಟಳು. "ನೀನು ಲೆಕ್ಕದವನಲ್ವೇನೋ? ಎಣಿಸಿ ನೋಡು. ನನಗ್ಯಾಕೋ ಇದು ಸರಿ ಅನ್ನಿಸ್ತಿಲ್ಲ" ಅಂದಳು.

ಅಕ್ಕನ ಮುಟ್ಟಿನ ದಿನ ಎಣಿಸೋ ತಮ್ಮ. ಮುಜುಗರ ಆಯ್ತು, ಸುಳ್ಳು ಹೇಳಲ್ಲ. ಆದರೂ ಎಣಿಸಿದೆ. ಆಮೇಲೆ ತಿಂಗಳುಗಟ್ಟಲೆ ಈ ಲೆಕ್ಕ ಎಲ್ಲಿಂದ ಬಂತು ಅಂತ ಓದ್ತಾ ಕೂತೆ. ಅದೇ ಇವತ್ತಿನ ಎಪಿಸೋಡ್.

ನಮ್ಮ ಅಜ್ಜಿಯರು "ಒಂಬತ್ತು ತಿಂಗಳು ಒಂಬತ್ತು ದಿನ" ಅಂತಾರಲ್ಲ, ಮೂವತ್ತು ದಿನದ ತಿಂಗಳು ಹಿಡಿದರೆ ಅದು 279 ದಿನ. ಆಸ್ಪತ್ರೆಗಳು ಹೇಳೋದು 280. ಒಂದೇ ದಿನದ ವ್ಯತ್ಯಾಸ! 280 ಅಂದರೆ 40 ವಾರ, ಅಂದರೆ 28 ದಿನದ ಹತ್ತು ತಿಂಗಳು. ಋಗ್ವೇದದಲ್ಲೂ ಹತ್ತು ತಿಂಗಳ ಮಾತೇ ಬರುತ್ತದೆ. ಸುಮಾರು ಇಷ್ಟು ದಿನ ಅನ್ನೋದು ಮನುಷ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಗೊತ್ತಿಲ್ಲದ್ದು, ಎಣಿಕೆಯನ್ನು ಯಾವ ದಿನದಿಂದ ಶುರು ಮಾಡಬೇಕು ಅನ್ನೋದು.

18ನೇ ಶತಮಾನದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಹರ್ಮನ್ ಬೋರ್ಹಾವೆ ಅಂತ ಹೆಸರಾಂತ ವೈದ್ಯರಿದ್ದರು. ಕೊನೆಯ ಮುಟ್ಟಿನಿಂದ ಒಂದು ವಾರ ಮುಂದೆ ಹೋಗಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಅಂತ ಅವರು ತಮ್ಮ ಪಾಠಗಳಲ್ಲಿ ಹೇಳಿದರು. ಜರ್ಮನಿಯ ಹೈಡೆಲ್‌ಬರ್ಗ್‌ನ ಫ್ರಾಂಟ್ಸ್ ಕಾರ್ಲ್ ನೇಗೆಲೆ ಅದನ್ನು 19ನೇ ಶತಮಾನದಲ್ಲಿ ಸೂಲಗಿತ್ತಿಯರಿಗಾಗಿ ಬರೆದ ಪಠ್ಯಪುಸ್ತಕದ ಮೂಲಕ ಎಲ್ಲೆಡೆ ಹರಡಿದರು. ಇವತ್ತಿಗೂ ಅದರ ಹೆಸರು ನೇಗೆಲೆ ನಿಯಮ. ಏಳು ದಿನ ಕೂಡಿ, ಮೂರು ತಿಂಗಳು ಕಳೆಯಿರಿ, ವರ್ಷ ಮುಂದಕ್ಕೆ ಹಾಕಿ. ಕ್ಯಾಲ್ಕುಲೇಟರ್ ಬೇಡ, ಬೆರಳೆಣಿಕೆ ಸಾಕು.

ಆದರೆ ಅಲ್ಲೊಂದು ತಮಾಷೆ ಇದೆ. ಮುಟ್ಟಿನ ಮೊದಲ ದಿನದಿಂದ ಎಣಿಸಬೇಕೋ, ಕೊನೆಯ ದಿನದಿಂದಲೋ ಅನ್ನೋದನ್ನ ಬೋರ್ಹಾವೆ ಸ್ಪಷ್ಟವಾಗಿ ಹೇಳಿರಲಿಲ್ಲ. ಮೊದಲ ದಿನ ಅನ್ನೋದು ಆಮೇಲೆ ರೂಢಿಗೆ ಬಂದದ್ದು. ಅಕೌಂಟ್ಸ್ ಓದಿದವರಿಗೆ ಇದು ಅರ್ಥ ಆಗುತ್ತೆ. ಓಪನಿಂಗ್ ಬ್ಯಾಲೆನ್ಸ್ ಯಾವ ತಾರೀಖಿನದ್ದು ಅಂತಲೇ ಸರಿಯಾಗಿ ಬರೆದಿಲ್ಲ, ಆದರೆ ಇನ್ನೂರು ವರ್ಷದಿಂದ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗ್ತಾನೇ ಇದೆ!

ಇನ್ನೊಂದು ವಿಚಿತ್ರ ನೋಡಿ. ಮುಟ್ಟಾದ ದಿನ ಹೆಂಗಸು ಬಸುರಿ ಆಗಿರೋದಿಲ್ಲ. ಅಂಡ ಬಿಡುಗಡೆ ಆಗೋದೇ ಸುಮಾರು ಎರಡು ವಾರ ಆದಮೇಲೆ. 1920ರ ದಶಕದಲ್ಲಿ ಜಪಾನಿನ ಕ್ಯೂಸಾಕು ಒಗಿನೊ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನಾಸ್, ಒಬ್ಬರಿಗೊಬ್ಬರ ಸಂಪರ್ಕವಿಲ್ಲದೆ, ಈ ವಿಷಯವನ್ನು ಲೆಕ್ಕಕ್ಕೆ ತಂದರು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಹೊರಬರುತ್ತದೆ. ಅಂದರೆ 280ರಲ್ಲಿ ಮೊದಲ 14 ದಿನ ಮಗುವೇ ಇಲ್ಲದ ದಿನಗಳು. ಮಗುವಿನ ನಿಜವಾದ ವಯಸ್ಸು 266 ದಿನ. ಇಷ್ಟೂ ಲೆಕ್ಕ 28 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವರಿಗೆ. 35 ದಿನಕ್ಕೊಮ್ಮೆ ಆಗುವವರಿಗೆ ಅಲ್ಲೇ ಒಂದು ವಾರ ತಪ್ಪಿಹೋಯಿತು.

ತಪ್ಪು ಹಿಡಿಯೋಕೆ ಒಂದು ಕಣ್ಣು ಬೇಕಿತ್ತು. ಅದು ಬಂದದ್ದು ಸ್ಕಾಟ್‌ಲೆಂಡ್‌ನ ಗ್ಲಾಸ್ಗೋದಿಂದ. 1958ರಲ್ಲಿ ಇಯಾನ್ ಡೊನಾಲ್ಡ್ ಮತ್ತು ಜೊತೆಗಾರರು ಹೊಟ್ಟೆಯ ಒಳಗನ್ನು ಶಬ್ದತರಂಗಗಳಿಂದ ನೋಡುವ ವಿಧಾನ ಪ್ರಕಟಿಸಿದರು. 1973ರಲ್ಲಿ ಅದೇ ಊರಿನ ಹ್ಯೂ ರಾಬಿನ್ಸನ್, ಭ್ರೂಣದ ತಲೆಯಿಂದ ಬುಡದವರೆಗಿನ ಉದ್ದ ಅಳೆದು ವಯಸ್ಸು ಹೇಳಬಹುದು ಅಂತ ತೋರಿಸಿದರು. ಮೊದಲ ಮೂರು ತಿಂಗಳಲ್ಲಿ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಅದಕ್ಕೇ ಈ ಅಳತೆ ಕೆಲಸ ಮಾಡುತ್ತೆ. ಏಳೆಂಟನೇ ತಿಂಗಳಲ್ಲಿ ಅಳೆದರೆ ಒಬ್ಬೊಬ್ಬರದ್ದು ಒಂದೊಂದು ಗಾತ್ರ. ಅಷ್ಟೊತ್ತಿಗೆ ಡೇಟ್ ಸರಿಪಡಿಸೋ ಕಾಲ ಮುಗಿದಿರುತ್ತೆ.

ಈಗ 1977ರ ನವೆಂಬರ್ 10ಕ್ಕೆ ಬನ್ನಿ. ಇಂಗ್ಲೆಂಡ್. ಲೆಸ್ಲಿ ಬ್ರೌನ್ ಅನ್ನೋ ಹೆಣ್ಣುಮಗಳ ಒಂದೇ ಒಂದು ಅಂಡವನ್ನು ಡಾಕ್ಟರ್ ಪ್ಯಾಟ್ರಿಕ್ ಸ್ಟೆಪ್ಟೋ ಹೊರತೆಗೆದರು. ಲ್ಯಾಬಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಜೀನ್ ಪರ್ಡಿ. ಮಗುವಿನ ಜೀವ ಶುರುವಾದ ದಿನವನ್ನು ಅಲ್ಲಿ ಊಹಿಸಬೇಕಾಗಿರಲಿಲ್ಲ, ಲ್ಯಾಬಿನಲ್ಲಿ ಕಣ್ಣೆದುರೇ ನಡೆದಿತ್ತು. ನವೆಂಬರ್ 10ಕ್ಕೆ 266 ದಿನ ಕೂಡಿಸಿ ನೋಡಿ, 1978ರ ಆಗಸ್ಟ್ 3 ಬರುತ್ತೆ. ಲೆಸ್ಲಿಗೆ ಬಿಪಿ ತೊಂದರೆ ಕಾಣಿಸಿಕೊಂಡದ್ದರಿಂದ ಜುಲೈ 25ರ ರಾತ್ರಿಯೇ ಓಲ್ಡಮ್‌ನ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿದರು. ಲೂಯಿಸ್ ಬ್ರೌನ್ ಒಂಬತ್ತು ದಿನ ಮೊದಲೇ ಹುಟ್ಟಿದಳು. ಅಷ್ಟು ಮೊದಲು ಹೊರತೆಗೆದರೆ ಮಗು ತಡೆದುಕೊಳ್ಳುತ್ತಾ ಅಂತ ತೀರ್ಮಾನಿಸೋಕೆ ಆ ಡಾಕ್ಟರರ ಕೈಯಲ್ಲಿ ಖಚಿತ ತಾರೀಖು ಇತ್ತು.

ಅದಾದ 70 ದಿನಕ್ಕೆ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತಾದಲ್ಲಿ ಇನ್ನೊಂದು ಹೆಣ್ಣುಮಗು. ಕರೆದ ಹೆಸರು ದುರ್ಗಾ. ಇದರ ಹಿಂದಿದ್ದವರು ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ. ಅವರು ಭ್ರೂಣವನ್ನು 53 ದಿನ ಫ್ರೀಜ್ ಮಾಡಿಟ್ಟು, ಆಮೇಲೆ ಗರ್ಭಕ್ಕೆ ಬಿಟ್ಟಿದ್ದರು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಫ್ರೀಜ್ ಮಾಡಿದ ಭ್ರೂಣದಿಂದ ಮಗು ಹುಟ್ಟಿದ್ದು 1984ರಲ್ಲಿ. ನಮ್ಮವರು ಅದಕ್ಕೂ ಐದು ವರ್ಷ ಮೊದಲೇ ಮಾಡಿದ್ದರು.

ನಂಬಿದರಾ? ಇಲ್ಲ. ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ತಳ್ಳಿಹಾಕಿತು. ಜಪಾನಿಗೆ ಹೋಗಿ ಹೇಳೋಕೂ ಬಿಡಲಿಲ್ಲ. ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಜನ ಏನಂತಾರೋ ಅನ್ನೋ ಭಯಕ್ಕೆ ಮಗುವಿನ ಮನೆಯವರೂ ಮುಂದೆ ಬರಲಿಲ್ಲ. ದುರ್ಗಾ ತನ್ನ ಗುರುತನ್ನು ಎಲ್ಲರೆದುರು ಹೇಳಿಕೊಂಡದ್ದು 25 ತುಂಬಿದ ಮೇಲೆ.

ಸುಭಾಷ್ ಅವರಿಗೆ ನ್ಯಾಯ ಕೊಡಿಸಿದವರು ಟಿ.ಸಿ. ಆನಂದ್ ಕುಮಾರ್. 1986ರಲ್ಲಿ ಮುಂಬೈನಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರ ಜೊತೆ ಐವಿಎಫ್ ಮಗುವಿನ ಜನನಕ್ಕೆ ಕಾರಣರಾಗಿ, ದೇಶದ ಮೊದಲನೆಯವರು ಅಂತ ಹೆಸರು ಪಡೆದ ವಿಜ್ಞಾನಿ ಇವರೇ. ಸುಭಾಷ್ ಅವರ ಕಾಗದಪತ್ರ ಓದಿ, ನನಗಿಂತ ಮೊದಲು ಇವರು ಮಾಡಿದ್ದರು ಅಂತ 1997ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತನ್ನ ಪಟ್ಟವನ್ನು ತಾನೇ ಇಳಿದು ಇನ್ನೊಬ್ಬರಿಗೆ ಕೊಡೋದು ಸಣ್ಣ ಮಾತಲ್ಲ.

ಈ ಕತೆ ಯಾಕೆ ಹೇಳಿದೆ? ಆ 53 ದಿನಗಳಿಗಾಗಿ. ಫ್ರೀಜರಿನಲ್ಲಿದ್ದ ಭ್ರೂಣಕ್ಕೆ ವಯಸ್ಸಾಗೋದಿಲ್ಲ. 53 ದಿನ ಇರಲಿ, ಐದು ವರ್ಷ ಇರಲಿ, ಲೆಕ್ಕದಲ್ಲಿ ಸೊನ್ನೆ. ಒಳಗೆ ಬಿಡುವಾಗ ಅದು ಎಷ್ಟು ದಿನ ಬೆಳೆದಿತ್ತು ಅನ್ನೋದಷ್ಟೇ ಮುಖ್ಯ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರಲ್ಲಿ ಇದನ್ನೇ ನೇರವಾಗಿ ಹೇಳಿತು: ಐವಿಎಫ್ ಬಸಿರಿಗೆ ಡ್ಯೂ ಡೇಟ್ ಹಾಕುವಾಗ ಭ್ರೂಣದ ವಯಸ್ಸು ಮತ್ತು ಒಳಗೆ ಬಿಟ್ಟ ದಿನ ಹಿಡಿಯಿರಿ. ಐದು ದಿನದ ಭ್ರೂಣವಾದರೆ ಬಿಟ್ಟ ದಿನಕ್ಕೆ 261 ಕೂಡಿ. ಮೂರು ದಿನದ್ದಾದರೆ 263. ಅದೇ 266ರಲ್ಲಿ ಐದೋ ಮೂರೋ ಕಳೆದದ್ದು, ಅಷ್ಟೇ.

ಈಗ ಆ ರಾತ್ರಿಗೆ ವಾಪಸ್ ಬರೋಣ. ಅಕ್ಕನ ಫೈಲಿನಲ್ಲಿ ಒಂದು ಹಾಳೆ ಇತ್ತು. ಐದು ದಿನದ ಭ್ರೂಣ, ಮಾರ್ಚ್ 12. ಮೊಬೈಲ್ ಕ್ಯಾಲೆಂಡರ್ ತೆಗೆದು 261 ಕೂಡಿದೆ. ನವೆಂಬರ್ 28.

ಹಾಗಾದರೆ ಕಾರ್ಡಿನ 19 ಎಲ್ಲಿಂದ ಬಂತು? ಫೆಬ್ರವರಿ 13ರ ಮುಟ್ಟು ಸುಳ್ಳಲ್ಲ. ಆದರೆ ಆ ತಿಂಗಳು ಗರ್ಭಕೋಶದ ಪದರ ಸಾಕಷ್ಟು ದಪ್ಪ ಆಗೋವರೆಗೂ ಮಾತ್ರೆ ಕೊಟ್ಟು ಕಾದಿದ್ದರು. ಮಾಮೂಲಿ ಲೆಕ್ಕದಲ್ಲಿ 19 ದಿನಕ್ಕೆ ಆಗಬೇಕಾದ್ದು ಅಕ್ಕನಿಗೆ 28 ದಿನಕ್ಕೆ ಆಗಿತ್ತು. ಒಂಬತ್ತು ದಿನ ಅಲ್ಲೇ ಜಾಸ್ತಿ. ಅದೇ ಒಂಬತ್ತು ದಿನ ಕಾರ್ಡಿನ ಮೇಲೆ ತಪ್ಪಾಗಿ ಕೂತಿತ್ತು. ಬೆಂಗಳೂರಿನ ಮೊದಲ ಸ್ಕ್ಯಾನ್ ರಿಪೋರ್ಟ್ ಕೂಡ 28ನೇ ತಾರೀಖನ್ನೇ ತೋರಿಸಿತ್ತು. ಅಂದರೆ ಮಗು ಹಿಂದೆ ಬಿದ್ದಿರಲಿಲ್ಲ, ಅದರ ವಯಸ್ಸನ್ನೇ ನಾವು ಹೆಚ್ಚು ಹೇಳಿದ್ದೆವು. 41 ವಾರ ಅಂದದ್ದು ನಿಜಕ್ಕೂ 39 ವಾರ 5 ದಿನ.

ಬೆಳಿಗ್ಗೆ ಅಮ್ಮನಿಗೆ ಹೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಲ್ಲಾ ಹೇಳಿಬಿಡೋಣ ಬಿಡು. ಯಾರು ಏನಂದುಕೊಂಡ್ರೆ ಏನೀಗ" ಅಂತ ತಾವೇ ಫೈಲು ಹಿಡಿದುಕೊಂಡು ಬಂದರು. ಡಾಕ್ಟರ್ ಹಾಳೆ ನೋಡಿದರು, "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮಾ?" ಅಂದರು. ಬೈದದ್ದಲ್ಲ, ನಿಜವಾಗಿ ಬೇಸರ ಮಾಡ್ಕೊಂಡು ಕೇಳಿದ್ದು. ಕಾರ್ಡಿನ 19 ಹೊಡೆದು 28 ಬರೆದರು. ಮಗುವಿನ ಎದೆಬಡಿತ, ಗರ್ಭದ ನೀರು ಎರಡೂ ನೋಡಿ, "ಚೆನ್ನಾಗಿದೆ, ಕಾಯೋಣ" ಅಂದರು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಐವಿಎಫ್ ಆದವರೆಲ್ಲ ಕಾಯಬೇಕು ಅಂತ ನಾನು ಹೇಳ್ತಿಲ್ಲ. ಬಿಪಿ, ಶುಗರ್, ತಾಯಿಯ ವಯಸ್ಸು ನೋಡಿ ಡಾಕ್ಟರ್ ಬೇಗ ಹೆರಿಗೆ ಮಾಡಿಸಬಹುದು. ಅದು ಅವರ ತೀರ್ಮಾನ. ಆದರೆ ಆ ತೀರ್ಮಾನಕ್ಕೆ ಸರಿಯಾದ ತಾರೀಖು ಕೊಡೋದು ನಮ್ಮ ಕೆಲಸ. ಭ್ರೂಣ ಬಿಟ್ಟ ದಿನ, ಅದು ಎಷ್ಟು ದಿನದ್ದು, ಮೊದಲ ಸ್ಕ್ಯಾನ್ ರಿಪೋರ್ಟ್, ಈ ಮೂರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತವರಿಗೆ ಹೋದರೂ, ಆಸ್ಪತ್ರೆ ಬದಲಾದರೂ, ಮೊದಲು ಅದನ್ನ ತೋರಿಸಿ.

ಕೊನೆಗೆ ಮಗು ಹುಟ್ಟಿದ್ದು ಯಾವತ್ತು? 19ಕ್ಕೂ ಅಲ್ಲ, 28ಕ್ಕೂ ಅಲ್ಲ. ನವೆಂಬರ್ 30ರ ರಾತ್ರಿ, ನೋವು ತಾನಾಗೇ ಬಂದು. ಡ್ಯೂ ಡೇಟಿನ ದಿನವೇ ಹುಟ್ಟೋ ಮಕ್ಕಳು ನೂರಕ್ಕೆ ಸುಮಾರು ಐದೇ ಅಂತೆ. ಅಂಡ ಬಿಡುಗಡೆಯಾದ ದಿನ ಗೊತ್ತಿದ್ದವರನ್ನೇ ಗಮನಿಸಿದ 2013ರ ಒಂದು ಅಧ್ಯಯನದಲ್ಲಿ, ಅವಧಿಗೆ ಮುಂಚೆ ಹುಟ್ಟಿದವರನ್ನು ಬಿಟ್ಟರೂ, ಬಸಿರಿನ ಅವಧಿಯಲ್ಲಿ 37 ದಿನಗಳ ವ್ಯತ್ಯಾಸ ಇತ್ತು. ಶುರುವಾದ ದಿನ ನಾವು ಖಚಿತವಾಗಿ ಬರೆದಿಡಬಹುದು. ಬರೋ ದಿನ ಮಗುವಿಗೇ ಬಿಟ್ಟದ್ದು.

ಸೊಸೆ ಈಗ ನನ್ನ ಮೈಕ್ ವೈರು ಹಿಡಿದು ಎಳೀತಾಳೆ. ಯಾರಾದರೂ ಕೇಳಿದರೆ ಅಮ್ಮನೇ ಹೇಳ್ತಾರೆ, "ಐವಿಎಫ್ ಮಗು ಕಣ್ರೀ, ನಮ್ಮದು." ಮುಂದಿನ ವಾರ ಸಿಗೋಣ.