ವಿಶ್ವಕೋಶದ ಲೇಖನವೊಂದರ ಪರಿಷ್ಕರಣ: ಕೆನಡಾದ ‘ಡಿಗ್ರಾಸಿ’ ಧಾರಾವಾಹಿಯ ನಿದರ್ಶನ

ಶಾಸನ, ಕೈಫಿಯತ್ತು, ಕಡತಗಳ ವಿಚಾರವನ್ನೇ ಇಂಥ ಸಂಚಿಕೆಯಲ್ಲಿ ನಿರೀಕ್ಷಿಸುವ ವಾಚಕರಿಗೆ, ಕೆನಡಾ ದೇಶದ ಹದಿಹರೆಯದವರ ದೂರದರ್ಶನ ಧಾರಾವಾಹಿಯೊಂದನ್ನು ಕುರಿತ ಈ ಪ್ರಬಂಧವು ತುಸು ವಿಲಕ್ಷಣವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇತಿಹಾಸಕಾರನಿಗೆ ವಸ್ತುವಿನ ಹಿರಿಮೆಗಿಂತ ವಿಧಾನದ ಶುದ್ಧಿಯೇ ಮುಖ್ಯವಾದುದು. ಇಂದು ನಮ್ಮ ವಿದ್ಯಾರ್ಥಿಗಳು ಯಾವುದೇ ವಿಷಯವನ್ನು ತಿಳಿಯಬಯಸಿದಾಗ ಅವರಲ್ಲಿ ಹೆಚ್ಚಿನವರು ಮೊದಲು ತೆರೆಯುವುದು ವಿಕಿಪೀಡಿಯವೆಂಬ ಮುಕ್ತ ವಿಶ್ವಕೋಶವನ್ನು. ೨೦೦೧ನೆಯ ಇಸವಿಯ ಜನವರಿ ೧೫ರಂದು ಆರಂಭವಾದ ಈ ವಿಶ್ವಕೋಶವನ್ನು ಓದುವವನೇ ತಿದ್ದಲೂ ಬಹುದು. ತಿದ್ದುವ ಅಧಿಕಾರವು ಎಲ್ಲರಿಗೂ ದೊರೆತ ಮೇಲೆ, ತಿದ್ದುವುದು ಹೇಗೆಂಬ ಪ್ರಶ್ನೆಯು ಇತಿಹಾಸ ಶಾಸ್ತ್ರದ ಪ್ರಶ್ನೆಯೇ ಆಗುತ್ತದೆ. ಪ್ರಕೃತ ಪ್ರಬಂಧದಲ್ಲಿ ‘ಡಿಗ್ರಾಸಿ’ ಎಂಬ ಧಾರಾವಾಹಿಯ ಲೇಖನವನ್ನು ನಿದರ್ಶನವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ವಿಚಾರಮಾಡಲಾಗಿದೆ.

ಮೊದಲು ಧಾರಾವಾಹಿಯ ಸ್ಥೂಲ ಚರಿತ್ರೆಯನ್ನು ಹೇಳುವುದು ಅವಶ್ಯಕ. ಡಿಗ್ರಾಸಿ ಎಂಬುದು ಟೊರಾಂಟೊ ನಗರದ ಪೂರ್ವಭಾಗದಲ್ಲಿರುವ ಒಂದು ಬೀದಿಯ ಹೆಸರು. ಆ ನಗರದಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿದ್ದ ಲಿಂಡಾ ಸ್ಕೈಲರ್ ಎಂಬವರು ಚಲನಚಿತ್ರ ಸಂಕಲನಕಾರರಾದ ಕಿಟ್ ಹುಡ್ ಎಂಬವರೊಡನೆ ಸೇರಿ ೧೯೭೬ರಲ್ಲಿ ‘ಪ್ಲೇಯಿಂಗ್ ವಿತ್ ಟೈಮ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ೧೯೭೯ರಲ್ಲಿ ಅವರು ತಯಾರಿಸಿದ ಒಂದು ಕಿರುಚಿತ್ರವೇ ಬೆಳೆದು ‘ದಿ ಕಿಡ್ಸ್ ಆಫ್ ಡಿಗ್ರಾಸಿ ಸ್ಟ್ರೀಟ್’ ಎಂಬ ಮಾಲೆಯಾಯಿತು. ೧೯೮೬ರ ವರೆಗೆ ಅದರ ೨೬ ಕಂತುಗಳು ಬಂದುವು. ತದನಂತರ ‘ಡಿಗ್ರಾಸಿ ಜೂನಿಯರ್ ಹೈ’ (೧೯೮೭-೮೯) ೪೨ ಕಂತುಗಳಲ್ಲಿಯೂ, ‘ಡಿಗ್ರಾಸಿ ಹೈ’ (೧೯೮೯-೯೧) ೨೮ ಕಂತುಗಳಲ್ಲಿಯೂ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿ.ಬಿ.ಸಿ.ಯ ಮೂಲಕ ಪ್ರಸಾರವಾದುವು. ೧೯೯೨ರ ಜನವರಿಯಲ್ಲಿ ಬಂದ ಒಂದು ದೂರದರ್ಶನ ಚಿತ್ರದೊಂದಿಗೆ ಈ ಘಟ್ಟವು ಮುಗಿಯಿತು.

ಸುಮಾರು ಒಂದು ದಶಕದ ಮೌನದ ನಂತರ, ೨೦೦೧ನೆಯ ಇಸವಿಯ ಅಕ್ಟೋಬರ್ ೧೪ರಂದು ಸಿ.ಟಿ.ವಿ. ಎಂಬ ಖಾಸಗಿ ಜಾಲದಲ್ಲಿ ‘ಡಿಗ್ರಾಸಿ: ದಿ ನೆಕ್ಸ್ಟ್ ಜನರೇಷನ್’ ಆರಂಭವಾಯಿತು. ಸ್ಕೈಲರ್ ಅವರೂ ಯಾನ್ ಮೂರ್ ಅವರೂ ಇದರ ಕರ್ತೃಗಳು. ಹಿಂದಿನ ಮಾಲೆಯಲ್ಲಿ ಸ್ಪೈಕ್ ಎಂಬ ಬಾಲಿಕೆಗೆ ಹುಟ್ಟಿದ್ದ ಶಿಶುವು ಈಗ ಶಾಲೆಗೆ ಸೇರುವಷ್ಟು ದೊಡ್ಡದಾಗಿರಬೇಕೆಂಬ ಲೆಕ್ಕಾಚಾರವೇ ಹೊಸ ಮಾಲೆಯ ಬೀಜ. ೨೦೧೦ರಲ್ಲಿ ಹೆಸರಿನ ಉತ್ತರಾರ್ಧವನ್ನು ಬಿಟ್ಟು ‘ಡಿಗ್ರಾಸಿ’ ಎಂದಷ್ಟೇ ಕರೆಯಲಾಯಿತು. ಒಟ್ಟು ೧೪ ಸೀಸನ್‌ಗಳ ಬಳಿಕ ೨೦೧೫ರಲ್ಲಿ ಅದು ಮುಕ್ತಾಯವಾಯಿತು. ೨೦೧೬-೧೭ರಲ್ಲಿ ‘ನೆಕ್ಸ್ಟ್ ಕ್ಲಾಸ್’ ಎಂಬ ಇನ್ನೊಂದು ಮಾಲೆಯೂ ಬಂದಿತು.

ಇಂಥ ಧಾರಾವಾಹಿಯ ಮೇಲೆ ಅಭಿಮಾನಿಯಾದವನು ಲೇಖನ ಬರೆಯತೊಡಗಿದಾಗ ಸಾಮಾನ್ಯವಾಗಿ ಆಗುವ ದೋಷವೆಂದರೆ ಕಥೆಯ ವಿಸ್ತರಣ. ಯಾವ ಪಾತ್ರವು ಯಾವ ಪಾತ್ರವನ್ನು ಪ್ರೀತಿಸಿತು, ಯಾರು ಯಾರೊಡನೆ ಜಗಳವಾಡಿದರು ಎಂಬುದನ್ನು ಪುಟಗಟ್ಟಲೆ ಬರೆದು, ಅದನ್ನೇ ಧಾರಾವಾಹಿಯ ಇತಿಹಾಸವೆಂದು ಭಾವಿಸುವುದುಂಟು. ಪಂಪಭಾರತದ ಕಥೆಯನ್ನು ಸಂಗ್ರಹವಾಗಿ ಬರೆದು ಇದೇ ಹತ್ತನೆಯ ಶತಮಾನದ ಚರಿತ್ರೆಯೆಂದರೆ ನಾವು ಒಪ್ಪುವೆವೆ? ಕವಿಯ ಕಾಲ, ಆಶ್ರಯದಾತನಾದ ಅರಿಕೇಸರಿ, ಕಾವ್ಯ ರಚಿತವಾದ ಸಂದರ್ಭ, ಇವು ಬಂದಾಗಲಲ್ಲವೆ ಕಾವ್ಯವು ಇತಿಹಾಸದ ವಸ್ತುವಾಗುವುದು? ಧಾರಾವಾಹಿಯ ವಿಷಯದಲ್ಲಿಯೂ ನ್ಯಾಯವು ಒಂದೇ. ಅದನ್ನು ಯಾರು ನಿರ್ಮಿಸಿದರು, ಯಾರು ತೋರಿಸಿದರು, ಯಾರು ತಡೆದರು, ಇವನ್ನು ನಮಗೆ ಯಾರು ಹೇಳುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟರ ಮಟ್ಟಿಗೆ ಮಾತ್ರ ಲೇಖನವು ಉತ್ತಮಗೊಂಡಿತೆನ್ನಬಹುದು.

ಇನ್ನೊಂದು ದೋಷವು ಕಾಲವಿಪರ್ಯಾಸ. ೨೦೦೧ರ ಮಾಲೆಯಲ್ಲಿ ಜಿಮ್ಮಿ ಎಂಬ ಪಾತ್ರವನ್ನು ವಹಿಸಿದ ಬಾಲನಟ ಆಬ್ರಿ ಗ್ರಹಾಮ್ ಮುಂದೆ ಡ್ರೇಕ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧ ಗಾಯಕರಾದರು. ಈ ಕಾರಣದಿಂದ ಧಾರಾವಾಹಿಯ ಆರಂಭವನ್ನೇ ಅವರ ಸುತ್ತ ಕಟ್ಟಿ ಬರೆಯುವ ಆಸೆ ಹುಟ್ಟುತ್ತದೆ. ಆದರೆ ೨೦೦೧ರಲ್ಲಿ ಅವರು ಅನೇಕ ಬಾಲನಟರಲ್ಲಿ ಒಬ್ಬರು. ಮುಂದೆ ಬಂದ ಕೀರ್ತಿಯನ್ನು ಹಿಂದಿನ ವರ್ಷಗಳ ಮೇಲೆ ಹೊರಿಸುವುದು ಇತಿಹಾಸವಾಗಲಾರದು.

ಇನ್ನು ಕಾಲನಿರ್ಣಯದ ಪ್ರಶ್ನೆ. ಕಂತಿನ ಪ್ರಸಾರದ ದಿನವನ್ನು ನಮೂದಿಸುವುದು ಅತಿ ಸುಲಭವಾದ ಕೆಲಸವೆಂದು ಮೊದಲು ತೋರುತ್ತದೆ. ಆದರೆ ಈ ಧಾರಾವಾಹಿಯು ಕೆನಡಾದಲ್ಲಿ ತಯಾರಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಪ್ರಸಾರವಾಗುತ್ತಿತ್ತು. ‘ದಿ ನೆಕ್ಸ್ಟ್ ಜನರೇಷನ್’ ಕೆನಡಾದಲ್ಲಿ ೨೦೦೧ರಲ್ಲಿಯೂ, ಅಮೆರಿಕದ ‘ದಿ ಎನ್’ ಎಂಬ ವಾಹಿನಿಯಲ್ಲಿ ೨೦೦೨ರಲ್ಲಿಯೂ ಆರಂಭವಾಯಿತು. ಆದರೆ ಏಳನೆಯ ಸೀಸನ್ನಿಗೆ ಬರುವಾಗ ಕ್ರಮವು ತಿರುಗುಮುರುಗಾಗಿ, ಅಮೆರಿಕದಲ್ಲಿ ೨೦೦೭ರ ಅಕ್ಟೋಬರಿನಲ್ಲಿಯೂ ಕೆನಡಾದಲ್ಲಿ ೨೦೦೮ರ ಜನವರಿಯಲ್ಲಿಯೂ ಮೊದಲಾಗಿದೆ. ಸ್ವದೇಶದ ಕೃತಿಯನ್ನು ಸ್ವದೇಶದ ಪ್ರೇಕ್ಷಕರು ಪರದೇಶದವರ ತರುವಾಯ ನೋಡಿದರೆಂಬುದು ಒಂದು ಸಾಂಸ್ಕೃತಿಕ ಸಂಗತಿ. ಒಂದೇ ದಿನಾಂಕವನ್ನು ಕೊಟ್ಟು ಸುಮ್ಮನಾಗುವ ಲೇಖನದಲ್ಲಿ ಸುಳ್ಳಿಲ್ಲದಿರಬಹುದು, ಆದರೆ ಈ ಸಂಗತಿಯು ಅಲ್ಲಿ ಮರೆಯಾಗುತ್ತದೆ.

ದಿನಾಂಕಕ್ಕಿಂತಲೂ ಗಹನವಾದುದು ಪಾಠಾಂತರದ ಸಮಸ್ಯೆ. ೧೯೮೯ರ ನವೆಂಬರಿನಲ್ಲಿ ‘ಡಿಗ್ರಾಸಿ ಹೈ’ ಮಾಲೆಯ ಮೊದಲ ಕಥೆಯಾಗಿ ‘ಎ ನ್ಯೂ ಸ್ಟಾರ್ಟ್’ ಬಂದಿತು. ಎರಿಕಾ ಎಂಬ ವಿದ್ಯಾರ್ಥಿನಿಯು ಗರ್ಭಪಾತ ಮಾಡಿಸಿಕೊಳ್ಳಲು ನಿರ್ಧರಿಸುವುದೇ ಇದರ ವಸ್ತು. ಕೆನಡಾದ ಪ್ರತಿಯಲ್ಲಿ ಎರಿಕಾ ತನ್ನ ಅವಳಿ ಸೋದರಿಯೊಡನೆ, ಚಿಕಿತ್ಸಾಲಯದ ಮುಂದೆ ನೆರೆದ ವಿರೋಧಿಗಳ ನಡುವೆ ನುಗ್ಗಿ ಒಳಹೋಗುವ ದೃಶ್ಯದಿಂದ ಕಥೆ ಮುಗಿಯುತ್ತದೆ. ಅಮೆರಿಕದ ಸಾರ್ವಜನಿಕ ಪ್ರಸಾರ ಜಾಲವಾದ ಪಿ.ಬಿ.ಎಸ್.ನ ಪ್ರತಿಯಲ್ಲಿ ಈ ಕೊನೆಯ ದೃಶ್ಯವನ್ನು ತೆಗೆದುಹಾಕಲಾಯಿತು. ಹೀಗೆ ಒಂದೇ ಹೆಸರಿನ ಕಂತಿಗೆ ಎರಡು ಮುಕ್ತಾಯಗಳು ಉಂಟಾದುವು. ಓಲೆಗರಿಯ ಎರಡು ಪ್ರತಿಗಳು ಭಿನ್ನವಾಗಿದ್ದರೆ ಸಂಪಾದಕನು ಎರಡನ್ನೂ ಹೇಳಿ, ತಾನು ಯಾವುದನ್ನು ಅನುಸರಿಸಿದೆನೆಂದು ತಿಳಿಸುತ್ತಾನೆ. ಧಾರಾವಾಹಿಯ ಲೇಖನಕ್ಕೂ ಈ ಶಿಸ್ತು ಬೇಕು. ಇಲ್ಲವಾದರೆ ಅಮೆರಿಕದ ಪ್ರತಿಯನ್ನು ನೋಡಿ ಬರೆದವನೂ ಕೆನಡಾದ ಪ್ರತಿಯನ್ನು ನೋಡಿ ತಿದ್ದಿದವನೂ, ಇಬ್ಬರೂ ಪ್ರಾಮಾಣಿಕರಾಗಿದ್ದು, ಒಬ್ಬರನ್ನೊಬ್ಬರು ಸುಳ್ಳರೆಂದು ತಿಳಿಯುವ ಪ್ರಸಂಗ ಬರುತ್ತದೆ.

ಹದಿನೈದು ವರ್ಷಗಳ ಬಳಿಕ ಇದೇ ವಸ್ತು ಮರಳಿತು. ‘ಆಕ್ಸಿಡೆಂಟ್ಸ್ ವಿಲ್ ಹ್ಯಾಪನ್’ ಎಂಬ ಕಥೆಯಲ್ಲಿ ಮ್ಯಾನಿ ಎಂಬ ಬಾಲಿಕೆಯು ಇದೇ ನಿರ್ಧಾರವನ್ನು ಕೈಕೊಳ್ಳುತ್ತಾಳೆ. ಕೆನಡಾದಲ್ಲಿ ಇದು ೨೦೦೪ರ ಜನವರಿಯಲ್ಲಿ ಪ್ರಸಾರವಾಯಿತು. ಅಮೆರಿಕದ ವಾಹಿನಿಯು ಆಗ ಇದನ್ನು ತಡೆಹಿಡಿಯಿತು. ಅಲ್ಲಿಯ ಪ್ರೇಕ್ಷಕರಿಂದ ಪ್ರತಿಭಟನೆ ಬಂದಿತು, ಪತ್ರಿಕೆಗಳಲ್ಲಿ ಚರ್ಚೆಯೂ ಆಯಿತು. ಕಡೆಗೆ ೨೦೦೬ರಲ್ಲಿ ಅದನ್ನು ತೋರಿಸಲಾಯಿತು.

ಇಲ್ಲಿ ಈ ಲೇಖಕನು ತನ್ನದೇ ಆದ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ವಿಶ್ವಕೋಶಕ್ಕಾಗಿ ಸಿದ್ಧಪಡಿಸಿದ ಪರಿಷ್ಕರಣದ ಮೊದಲ ಕರಡಿನಲ್ಲಿ, ೧೯೮೯ರ ಕಂತಿನ ಹಿನ್ನೆಲೆಯನ್ನು ನಾನು ಹೀಗೆ ಬರೆದಿದ್ದೆನು: ಕೆನಡಾದ ಸರ್ವೋಚ್ಚ ನ್ಯಾಯಾಲಯವು ೧೯೮೮ರ ಜನವರಿಯಲ್ಲಿ ಮಾರ್ಗೆಂಟೇಲರ್ ಮೊಕದ್ದಮೆಯಲ್ಲಿ ಗರ್ಭಪಾತದ ದಂಡವಿಧಿಯನ್ನು ಅಸಿಂಧುಗೊಳಿಸಿತು, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೮೯ರ ಜುಲೈಯಲ್ಲಿ ವೆಬ್‌ಸ್ಟರ್ ಮೊಕದ್ದಮೆಯ ತೀರ್ಪಿನಿಂದ ರಾಜ್ಯಗಳಿಗೆ ಇನ್ನಷ್ಟು ನಿರ್ಬಂಧ ಹೇರಲು ಅವಕಾಶ ಕೊಟ್ಟಿತು, ಆದುದರಿಂದಲೇ ಕೆನಡಾದಲ್ಲಿ ಪೂರ್ಣಪಾಠವೂ ಅಮೆರಿಕದಲ್ಲಿ ಖಂಡಿತಪಾಠವೂ ಪ್ರಸಾರವಾದುವು. ವಾಕ್ಯವು ಬಹಳ ಸೊಗಸಾಗಿ ಬಂದಿತೆಂದು ನನಗೆ ತೋರಿತ್ತು. ಕರಡನ್ನು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು ‘ಆದುದರಿಂದಲೇ’ ಎಂಬ ಪದದ ಕೆಳಗೆ ಗೆರೆಯೆಳೆದು, “ಹೀಗೆಂದು ಯಾರು ಹೇಳಿದ್ದಾರೆ?” ಎಂದು ಬದಿಯಲ್ಲಿ ಬರೆದರು. ಯಾರೂ ಹೇಳಿದ್ದನ್ನು ನಾನು ಓದಿರಲಿಲ್ಲ. ಎರಡು ತೀರ್ಪುಗಳೂ ಸತ್ಯ, ಎರಡು ಪಾಠಗಳೂ ಸತ್ಯ. ಅವುಗಳನ್ನು ಬೆಸೆದ ಪದವು ಮಾತ್ರ ನನ್ನದು.

ವಿಕಿಪೀಡಿಯದ ಮೂಲನಿಯಮಗಳು ಮೂರು: ನಿಷ್ಪಕ್ಷಪಾತ ದೃಷ್ಟಿ, ಪರಿಶೀಲನಾರ್ಹತೆ, ಮತ್ತು ಸ್ವತಂತ್ರ ಸಂಶೋಧನೆಯ ನಿಷೇಧ. ಎರಡು ಆಧಾರಗಳನ್ನು ಕೂಡಿಸಿ, ಅವೆರಡರಲ್ಲಿಯೂ ಇಲ್ಲದ ಮೂರನೆಯ ತೀರ್ಮಾನವನ್ನು ಹೊರಡಿಸುವುದನ್ನೂ ಮೂರನೆಯ ನಿಯಮವು ನಿಷೇಧಿಸುತ್ತದೆ. ಮೂಲ ಆಕರಗಳಿಂದ ಹೊಸ ತೀರ್ಮಾನವನ್ನು ಹೊರಡಿಸುವುದೇ ನಮ್ಮ ವೃತ್ತಿಯಾಗಿರುವುದರಿಂದ, ಈ ನಿಷೇಧವು ಮೊದಲು ನನಗೆ ಅಪಮಾನವೆಂದೇ ಕಂಡಿತು. ಆದರೆ ಯೋಚಿಸಿದಷ್ಟೂ ಅದರ ನ್ಯಾಯವು ಸ್ಪಷ್ಟವಾಯಿತು. ಈ ಸಂಚಿಕೆಯಲ್ಲಿ ಬರೆದುದಕ್ಕೆ ನಾನು ಹೆಸರುಹಾಕಿ ಹೊಣೆಯಾಗುತ್ತೇನೆ. ತಪ್ಪಿದ್ದರೆ ಮುಂದಿನ ವರ್ಷ ಇನ್ನೊಬ್ಬರು ನನ್ನನ್ನು ಹೆಸರಿಸಿಯೇ ಖಂಡಿಸಬಹುದು. ಅನೇಕರ ಕೈಯಿಂದಾದ ಸಹಿಯಿಲ್ಲದ ಲೇಖನದಲ್ಲಿ ಓದುಗನು ಪರೀಕ್ಷಿಸಲು ಲೇಖಕನೆಂಬವನೇ ಇಲ್ಲ, ಆಧಾರವೊಂದೇ ಇದೆ. ಆಧಾರವೂ ಇಲ್ಲದಿದ್ದರೆ ಅವನಿಗೆ ಏನೂ ಇಲ್ಲ. ಇಷ್ಟೇ ಅಲ್ಲದೆ, ವಿಶ್ವಕೋಶದ ನಿರಾಧಾರವಾದ ಮಾತನ್ನು ಪತ್ರಿಕೆಯೊಂದು ಎತ್ತಿಕೊಂಡು, ಆ ಪತ್ರಿಕೆಯೇ ಮುಂದೆ ವಿಶ್ವಕೋಶಕ್ಕೆ ಆಧಾರವಾಗುವ ಅಪಾಯವೂ ಉಂಟು. ಒಂದು ಕೂಟಶಾಸನವು ಇನ್ನೊಂದಕ್ಕೆ ಸಾಕ್ಷಿಯಾಗುವ ಪರಿ ಇದು.

ಹಾಗೆಂದ ಮಾತ್ರಕ್ಕೆ ಆ ಊಹೆಯನ್ನು ಸುಟ್ಟುಬಿಡಬೇಕಾಗಿಲ್ಲ. ಅದಕ್ಕೆ ತಕ್ಕ ಸ್ಥಳ ಇದು. ಇಲ್ಲಿಯೂ ಎಚ್ಚರದಿಂದ ಹೇಳುತ್ತೇನೆ. ೧೯೮೯ರಲ್ಲಿ ಕೆನಡಾದ ಪರಿಸ್ಥಿತಿಯು ನಾನು ಬರೆದಷ್ಟು ಸರಳವಾಗಿರಲಿಲ್ಲ. ಗರ್ಭಪಾತವನ್ನು ಮತ್ತೆ ನಿಯಂತ್ರಿಸುವ ಮಸೂದೆಯೊಂದು ಆಗಲೇ ಸರಕಾರದ ಕೈಯಲ್ಲಿದ್ದಿತು. ೧೯೯೦ರಲ್ಲಿ ಅದು ಕೆಳಮನೆಯಲ್ಲಿ ಅಂಗೀಕೃತವಾಗಿ, ೧೯೯೧ರ ಜನವರಿಯಲ್ಲಿ ಸೆನೆಟ್ಟಿನಲ್ಲಿ ಮತಗಳು ಸಮಸಮವಾದುದರಿಂದ ಬಿದ್ದುಹೋಯಿತು. ಅಂದರೆ ಆ ದೃಶ್ಯವು ಪ್ರಸಾರವಾದುದು ಕೆನಡಾದಲ್ಲಿಯೂ ವಾದವು ಮುಗಿದ ಮೇಲಲ್ಲ, ವಾದದ ನಟ್ಟನಡುವೆ. ೧೯೮೯ರಲ್ಲಿ ಸಾರ್ವಜನಿಕ ಜಾಲವೂ ೨೦೦೪ರಲ್ಲಿ ಖಾಸಗಿ ವಾಹಿನಿಯೂ ಅಮೆರಿಕದಲ್ಲಿ ಒಂದೇ ವಸ್ತುವಿನ ಮುಂದೆ ಹಿಂಜರಿದುದರಿಂದ, ಕಾರಣವನ್ನು ಕಾನೂನಿಗಿಂತ ಪ್ರಸಾರಕರ ಅಂಜಿಕೆಯಲ್ಲಿ ಹುಡುಕುವುದು ಯುಕ್ತವೆಂದು ತೋರುತ್ತದೆ. ನನ್ನ ಮೊದಲ ವಾಕ್ಯವು ವಿಶ್ವಕೋಶಕ್ಕೆ ಸಲ್ಲದುದಷ್ಟೇ ಅಲ್ಲ, ಪ್ರಾಯಶಃ ತಪ್ಪೂ ಆಗಿತ್ತು. ಸಹೋದ್ಯೋಗಿಯ ಆ ಗೆರೆಗೆ ನಾನು ಋಣಿ.

ಆಧಾರಗಳ ತಾರತಮ್ಯವನ್ನು ಕುರಿತು ಒಂದು ಮಾತು. ೨೦೦೫ರಲ್ಲಿ ಕ್ಯಾಥ್ರಿನ್ ಎಲ್ಲಿಸ್ ಅವರ ‘ಡಿಗ್ರಾಸಿ: ಜನರೇಷನ್ಸ್’ ಎಂಬ ಅಧಿಕೃತ ಕೈಪಿಡಿಯೂ, ಮಿಷೆಲ್ ಬೈಯರ್ಸ್ ಅವರು ಸಂಪಾದಿಸಿದ ‘ಗ್ರೋಯಿಂಗ್ ಅಪ್ ಡಿಗ್ರಾಸಿ’ ಎಂಬ ವಿದ್ವತ್ ಪ್ರಬಂಧಗಳ ಸಂಕಲನವೂ ಹೊರಬಂದುವು. ೨೦೨೨ರಲ್ಲಿ ಸ್ಕೈಲರ್ ಅವರ ಆತ್ಮಕಥನವು ಪ್ರಕಟವಾಯಿತು. ಮೂರೂ ಬೇಕಾದುವೇ. ಆದರೆ ನಿರ್ಮಾಪಕರ ಅನುಮತಿಯಿಂದ ಬಂದ ಕೈಪಿಡಿಯನ್ನು ಶಾಸನದ ಪ್ರಶಸ್ತಿಭಾಗವನ್ನು ಓದುವಂತೆ ಓದಬೇಕು. ಹೆಸರು, ತೇದಿ, ಸಂಖ್ಯೆಗಳಿಗೆ ಅದು ಉಪಯುಕ್ತ, ಗುಣಕಥನಕ್ಕೆ ಸಾಲದು. ಆತ್ಮಕಥನವು ಉದ್ದೇಶಗಳನ್ನು ತಿಳಿಸುತ್ತದೆ, ಆದರೆ ನಾಲ್ಕು ದಶಕಗಳ ನೆನಪಿನ ಮೂಲಕ ತಿಳಿಸುತ್ತದೆ. ಮೆಚ್ಚುಗೆ ಆಕ್ಷೇಪಣೆಗಳಿಗೆ ಹೊರಗಿನವರ ಅಧ್ಯಯನವನ್ನೇ ಆಶ್ರಯಿಸಬೇಕು.

ಈ ಕ್ರಮಕ್ಕೆ ತೆರಬೇಕಾದ ಬೆಲೆಯೂ ಒಂದುಂಟು. ಡಿಗ್ರಾಸಿಯನ್ನು ಕುರಿತು ಗ್ರಂಥಗಳಿರುವುದರಿಂದ ಅದರ ಲೇಖನವನ್ನು ಉತ್ತಮಗೊಳಿಸುವುದು ಸಾಧ್ಯ. ಯಾವ ಕೃತಿಯ ಬಗ್ಗೆ ಯಾರೂ ಅಚ್ಚಿನಲ್ಲಿ ಬರೆದಿಲ್ಲವೋ, ಅದು ಎಷ್ಟೇ ಜನರ ಬಾಲ್ಯವನ್ನು ರೂಪಿಸಿದ್ದರೂ, ವಿಶ್ವಕೋಶದಲ್ಲಿ ಅದಕ್ಕೆ ನೆಲೆಯಿಲ್ಲ. ನಮ್ಮ ಭಾಷೆಯ ಆಕಾಶವಾಣಿ ನಾಟಕಗಳನ್ನೂ ದೂರದರ್ಶನ ಧಾರಾವಾಹಿಗಳನ್ನೂ ನೆನೆದಾಗ ಈ ಮಾತಿನ ಭಾರವು ನಮಗೆ ತಿಳಿಯುತ್ತದೆ. ನಿಯಮವನ್ನು ಸಡಿಲಿಸುವುದು ಇದಕ್ಕೆ ಪರಿಹಾರವಲ್ಲ. ಅವುಗಳ ಕಾಲ, ಕರ್ತೃ, ಪಾಠಗಳನ್ನು ಪರಿಶೋಧಿಸಿ, ಹೆಸರುಹಾಕಿ, ಇಂಥ ಸಂಚಿಕೆಗಳಲ್ಲಿ ಪ್ರಕಟಿಸುವುದೇ ಪರಿಹಾರ. ವಿಶ್ವಕೋಶವು ನಮ್ಮನ್ನು “ಯಾರು ಹೇಳಿದ್ದಾರೆ?” ಎಂದು ಕೇಳುವುದು ಸರಿಯೇ; ಹೇಳಬೇಕಾದವರು ನಾವು.